ಭಾವನ ಎದೆಯ ಎಡದಂಡೆ ನಾಲೆ

ನನ್ನ ಹೆಂಡತಿಯ ಅಣ್ಣನ ಎದೆಗೆ ಏನಾಗಿದೆ ಎಂಬ ಬಗ್ಗೆ ಆ ಬೆಳಿಗ್ಗೆ ಐದು ಅಭಿಪ್ರಾಯಗಳಿದ್ದವು. ಹೆಮ್ಮಿಗೆಯ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರು ಗ್ಯಾಸು ಎಂದರು. ಆ ಅಣ್ಣನ ಹೆಂಡತಿ ಹಿಂದಿನ ದಿನ ತಿಂದ ಅವರೆಕಾಳು ಎಂದರು. ಆಸ್ಪತ್ರೆಯ ಯಂತ್ರ ಒಂದು ಹೇಳಿತು, ಡಾಕ್ಟರು ಇನ್ನೊಂದು ಹೇಳಿದರು. ಐದನೆಯದು ನನ್ನ ಹೆಂಡತಿಯದು. ಆಕೆ ತಿ. ನರಸೀಪುರದ ಒಂದು ಆಸ್ಪತ್ರೆಯಲ್ಲಿ ನರ್ಸು, ಆ ಯಂತ್ರದ ಕಾಗದ ಓದುವುದನ್ನು ಆಗಷ್ಟೇ ಕಲಿತು ಬಂದವಳು, ರೋಗಿಯನ್ನು ತಾನು ಹುಟ್ಟಿದಾಗಿನಿಂದ ನೋಡಿದವಳು. ಆದ್ದರಿಂದ ಸಹಜವಾಗಿಯೇ ಆಕೆಯ ಅಭಿಪ್ರಾಯವನ್ನು ಕೊನೆಗೆ ಕೇಳಲಾಯಿತು.

ನಾನು ನಂಜನಗೂಡಿನಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವವನು. ಮೊದಲು ಒಂದೇ ತಾಲ್ಲೂಕು ನನ್ನದಾಗಿತ್ತು. ತಿ. ನರಸೀಪುರದ ವರದಿಗಾರರು ನಿವೃತ್ತರಾದ ಮೇಲೆ ಪತ್ರಿಕೆಯವರು ನನ್ನ ಅನುಭವವನ್ನು ಕೊಂಡಾಡಿ ಅದನ್ನೂ ನನಗೇ ಒಪ್ಪಿಸಿದರು. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಹೀಗಾಗಿ ನಾನು ಎರಡು ತಾಲ್ಲೂಕುಗಳ ನಡುವೆ ಬೈಕಿನಲ್ಲಿ, ಹೆಂಡತಿ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುತ್ತಿದ್ದೆವು.

ಆಕೆಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಟೆಕ್ನಿಷಿಯನ್ ಹುದ್ದೆ ಖಾಲಿಯಾಗಿ ಬಹಳ ಕಾಲವಾಗಿತ್ತು. ಖಾಲಿ ಹುದ್ದೆಯನ್ನು ತುಂಬಲು ಎರಡು ದಾರಿಗಳಿವೆ. ಒಂದು, ಆ ಹುದ್ದೆಗೆ ಜನರನ್ನು ತೆಗೆದುಕೊಳ್ಳುವುದು. ಇನ್ನೊಂದು, ಈಗಾಗಲೇ ಮೂರು ಜನರ ಕೆಲಸ ಮಾಡುತ್ತಿರುವವರಿಗೆ ತರಬೇತಿ ಕೊಡುವುದು. ಎರಡನೆಯದಕ್ಕೆ ಉದ್ಘಾಟನೆ ಇಟ್ಟುಕೊಳ್ಳಬಹುದಾದ್ದರಿಂದ ಅದೇ ಗೆದ್ದಿತು. ನಂಜನಗೂಡಿನಲ್ಲಿ ಮೂರು ದಿನದ ತರಬೇತಿ ಎಂದು ಗೊತ್ತಾಯಿತು. ಉದ್ಘಾಟನೆಯ ಸುದ್ದಿಗೆ ನಾನು ಹೋದೆ, ಪಾಠಕ್ಕೆ ಆಕೆ ಬಂದಳು.

ವೇದಿಕೆಯ ಮೇಲೆ ಏಳು ಕುರ್ಚಿಗಳಿದ್ದವು. ದೀಪ ಹಚ್ಚಲು ಐದು ಜನ, ಬೆಂಕಿಪೊಟ್ಟಣ ಹುಡುಕಲು ಆರನೆಯವರು ಬೇಕಾದರು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿ, ಹೃದಯವಂತಿಕೆ ಇದ್ದರೆ ಯಾವ ಯಂತ್ರವೂ ಬೇಡ ಎಂದು ನರ್ಸುಗಳಿಗೆ ಕರೆ ಕೊಟ್ಟರು. ಅವರ ಪಕ್ಕದ ಮೇಜಿನ ಮೇಲೆ ಯಂತ್ರ ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇತ್ತು. ನಾನು ಅವರ ಮಾತನ್ನು ಇದ್ದದ್ದು ಇದ್ದಂತೆ ಬರೆದುಕೊಂಡೆ. ಮರುದಿನ ಅದು ಮೂರು ಕಾಲಂನಲ್ಲಿ ಬಂತು. ಪಾಠದ ಬಗ್ಗೆ ಒಂದು ಸಾಲೂ ಬರಲಿಲ್ಲ, ಏಕೆಂದರೆ ಪಾಠ ಶುರುವಾದದ್ದು ಊಟದ ನಂತರ, ಅಷ್ಟು ಹೊತ್ತಿಗೆ ಸುದ್ದಿ ಮುಗಿದಿತ್ತು.

ಸಾಮಾನ್ಯವಾಗಿ ಫೋಟೊ ಸಿಕ್ಕಿದ ಮೇಲೆ ನಾವು ಉಳಿಯುವುದಿಲ್ಲ. ಅಂದು ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಬೇಕಾಗಿದ್ದರಿಂದ ಹಿಂದಿನ ಸಾಲಿನಲ್ಲಿ ಕೂತೆ, ಮುಂದಿನ ಎರಡು ದಿನವೂ ಕೂತೆ. ಪಾಠ ಮಾಡಲು ಬಂದವರು ಮೈಸೂರಿನ ಒಬ್ಬ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್. ವೇದಿಕೆಯ ಏಳು ಕುರ್ಚಿಗಳಲ್ಲಿ ಒಂದೂ ಅವರದಾಗಿರಲಿಲ್ಲ. ಅವರು ಯಂತ್ರದ ಹೊದಿಕೆ ಕಿತ್ತು, ಒಂದು ಇಸಿಜಿ ಕಾಗದವನ್ನು ಎತ್ತಿ ಹಿಡಿದು ಮೊದಲು ಮಾಡಿದ ಕೆಲಸ, ಅದರ ಮೇಲ್ತುದಿಯನ್ನು ಹಿಂದಕ್ಕೆ ಮಡಚಿದ್ದು.

"ಇಲ್ಲಿ ಮೇಲ್ಗಡೆ ಮೆಷಿನ್ನು ಇಂಗ್ಲಿಷಲ್ಲಿ ಒಂದು ಸಾಲು ಬರೀತದಲ್ಲ, ನಾರ್ಮಲ್ಲು, ಅಬ್‌ನಾರ್ಮಲ್ಲು ಅಂತ. ಅದನ್ನ ಮೊದಲು ಓದಬೇಡಿ, ಹಿಂಗೆ ಮಡಚಿಬಿಡಿ. ಮೆಷಿನ್ನು ಪೇಷೆಂಟ್ ಮುಖ ನೋಡಿಲ್ಲ. ನೀವು ನೋಡಿದೀರಿ."

ನನಗೆ ಅವರ ಬಗ್ಗೆ ತಕ್ಷಣ ಗೌರವ ಹುಟ್ಟಿತು. ನಮ್ಮ ಪತ್ರಿಕೆಯಲ್ಲಿ ಆ ಮೇಲಿನ ಸಾಲನ್ನು, ಅಂದರೆ ತಲೆಬರಹವನ್ನು, ಬರೆಯುವವರು ಡೆಸ್ಕಿನವರು. ಅವರೂ ಒಳಗಿನದನ್ನು ಓದಿರುವುದಿಲ್ಲ.

ಆಮೇಲೆ ಅವರು ಚೌಕಗಳನ್ನು ಎಣಿಸಲು ಕಲಿಸಿದರು. ಐದು ಸಣ್ಣ ಚೌಕ ಸೇರಿದರೆ ಒಂದು ದೊಡ್ಡ ಚೌಕ, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಎರಡು ಎತ್ತರದ ಗೀಟುಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆ ಎಂದು ನೋಡಿ, ಮುನ್ನೂರನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂದು ಸಿಗುತ್ತದೆ. ತಾಳ ತಪ್ಪಿದ್ದರೆ ಈ ಲೆಕ್ಕ ಕೂಡದು, ಆರು ಸೆಕೆಂಡಿನ ಉದ್ದದಲ್ಲಿ ಎಷ್ಟು ಗೀಟುಗಳಿವೆಯೋ ಎಣಿಸಿ ಹತ್ತರಿಂದ ಗುಣಿಸಬೇಕು. ಮುಂದಿನ ಸಾಲಿನಿಂದ ಒಬ್ಬ ನರ್ಸು ಕೇಳಿದಳು:

"ಮೇಡಂ, ಕ್ಯಾಲ್ಕುಲೇಟರ್ ಬಳಸಬೋದಾ?"

"ಹೃದಯ ನಿಂತ್ಕೊಂಡು ಕಾಯಲ್ಲ ಕಣಮ್ಮ. ಮಗ್ಗಿ ಕಲ್ತ್ಕೊ."

ನಂತರ ಒಂದು ನೇರ ಗೆರೆಯ ಕಾಗದ ತೋರಿಸಿ ಏನು ಮಾಡುತ್ತೀರಿ ಎಂದರು. ಎದೆ ಒತ್ತುತ್ತೇವೆ ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ಪೇಷೆಂಟು ಕಾಫಿ ಕುಡೀತಾ ಕೂತಿದ್ರೆ?"

ಎಲ್ಲರೂ ನೋಟ್‌ಬುಕ್ಕಿನ ಹಾಳೆ ತಿರುವಿದರು.

"ವೈರು ಕಿತ್ಕೊಂಡಿದೆ ಕಣ್ರಮ್ಮ. ಕಾಫಿ ಕುಡಿಯೋನ ಎದೆ ಮೇಲೆ ಹತ್ತಿ ಕೂತ್ಬಿಟ್ಟೀರ, ಹುಷಾರು."

ಮುಂದಿನ ಭಾನುವಾರ ಹೆಮ್ಮಿಗೆಯಿಂದ ಭಾವ ನಮ್ಮ ಮನೆಗೆ ಊಟಕ್ಕೆ ಬಂದರು. ಭಾವ ಎಂದರೆ ಹೆಂಡತಿಯ ಅಣ್ಣ. ಗದ್ದೆ, ನಾಲ್ಕು ಹಸು, ದಿನಕ್ಕೆರಡು ಹೊತ್ತು ಡೇರಿಗೆ ಹಾಲು. ಐವತ್ತಾರು ದಾಟಿದ ಮೇಲೂ ಮೊಪೆಡ್ಡಿನ ಹಿಂದೆ ಮುಂದೆ ಕ್ಯಾನು ಕಟ್ಟಿಕೊಂಡು ಓಡಾಡುವ ಮನುಷ್ಯ. ಹೊಸದಾಗಿ ಏನನ್ನಾದರೂ ಕಲಿತವರಿಗೆ ಕೇಳುವವರು ಬೇಕು. ನಾನು ಅದಾಗಲೇ ನಾಲ್ಕು ದಿನ ಕೇಳಿಯಾಗಿತ್ತು. ಆಕೆ ಅಣ್ಣನಿಗೆ ಮುದ್ದೆ ಬಡಿಸಿ, ಉಪ್ಸಾರು ಹಾಕಿ, ಹೃದಯದೊಳಗೆ ಕರೆಂಟು ಹೇಗೆ ಹರಿಯುತ್ತದೆ ಎಂದು ಶುರು ಮಾಡಿದಳು.

"ಹೃದಯದ ಮೇಲ್ಗಡೆ ಬಲಕ್ಕೆ ಒಂದು ಗಂಟಿದೆ ಅಣ್ಣ. ಅಣೆಕಟ್ಟಿನ ಗೇಟು ಅನ್ಕೊ. ಅಲ್ಲಿಂದ ಕರೆಂಟು ಹೊರಟು ಮೇಲಿನ ಎರಡು ಕೋಣೆಗೆ ಹರಡುತ್ತೆ. ಕಾಗದದಲ್ಲಿ ಅದು ಒಂದು ಸಣ್ಣ ಗುಬ್ಬು, ದಿಬ್ಬ ಇದ್ದಂಗೆ. ಆಮೇಲೆ ಮಧ್ಯದಲ್ಲಿ ಒಂದು ತೂಬು. ಅಲ್ಲಿ ಒಂಚೂರು ನಿಲ್ಲುತ್ತೆ."

"ಯಾಕ್ ನಿಲ್ಬೇಕು? ಓಗೋದಲ್ವ ಸುಮ್ಕೆ?"

"ಮೇಲಿನ ಕೋಣೆ ರಕ್ತ ಪೂರ್ತಿ ಕೆಳಕ್ಕೆ ಇಳೀಲಿ ಅಂತ."

"ಅಂಗ್ ಏಳು ಮತ್ತೆ. ನಾಲೆಗೆ ನೀರು ಬುಡೋ ನೀರುಗಂಟಿ ಕೆಲ್ಸ ಅದು." ಭಾವ ತಟ್ಟೆಯಲ್ಲಿ ಬೆರಳಿನಿಂದ ಉಪ್ಸಾರಿಗೆ ದಾರಿ ಬಿಡಿಸಿದರು. "ಆಮ್ಯಾಕೆ?"

"ತೂಬಿಂದ ಕೆಳಕ್ಕೆ ಎರಡು ನಾಲೆ. ಎಡದಂಡೆ ಒಂದು, ಬಲದಂಡೆ ಒಂದು. ಎರಡಕ್ಕೂ ಒಟ್ಟಿಗೆ ಹೋದ್ರೆ ಕೆಳಗಿನ ಕೋಣೆ ಎರಡೂ ಒಟ್ಟಿಗೆ ಹಿಂಡುತ್ತೆ. ಕಾಗದದಲ್ಲಿ ಅದೇ ಎತ್ತರದ ಗೀಟು, ಸಣ್ಣಗೆ, ಚೂಪಾಗಿ."

"ಕಬಿನಿ ತರಾನೆ ಅನ್ನು. ತೂಬ್ನವ್ನು ನಿದ್ದೆ ಒಡುದ್ಬುಟ್ರೆ?"

"ತಡವಾಗಿ ಬಿಡ್ತಾನೆ. ಗುಬ್ಬಿಗೂ ಗೀಟಿಗೂ ನಡುವೆ ಜಾಗ ಜಾಸ್ತಿ ಆಗುತ್ತೆ. ಇನ್ನೂ ಕೆಟ್ರೆ ಒಂದು ಸಲ ಬಿಡ್ತಾನೆ, ಒಂದು ಸಲ ಬಿಡಲ್ಲ. ಪೂರ್ತಿ ಮುಚ್ಚಿಬಿಟ್ರೆ ಕೆಳಗಿನ ಕೋಣೆ ಮೇಲಿಂದು ಕಾಯದೆ ತನ್ನ ಪಾಡಿಗೆ ನಿಧಾನಕ್ಕೆ ಬಡ್ಕೊಳ್ಳುತ್ತೆ."

"ನಾಲೆ ಬರ್ನಿಲ್ಲ ಅಂತ ಬಾವಿ ನೀರಲ್ಲಿ ಪೈರು ಉಳುಸ್ಕಂಡಂಗೆ. ಸರಿ, ಎಡದಂಡೇಲಿ ಊಳು ತುಂಬ್ಕತು ಅನ್ಕೊ. ಅವಾಗ?"

"ಬಲಗಡೆಗೆ ಸರಿಯಾಗಿ ಹೋಗುತ್ತೆ. ಎಡಗಡೆಗೆ ಅಲ್ಲಿಂದ ಗದ್ದೆ ಮೇಲೆ ಹರ್ಕೊಂಡು ಹರ್ಕೊಂಡು ತಡವಾಗಿ ಬರುತ್ತೆ. ಅದಕ್ಕೆ ಗೀಟು ಅಗಲ ಆಗುತ್ತೆ. ಅಂಥ ಕಾಗದದಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ರೂ ಸುಲಭಕ್ಕೆ ಕಾಣ್ಸಲ್ಲ. ಎಲ್ಲಾ ಗೆರೆನೂ ಕಲಸಿಹೋಗಿರುತ್ತೆ."

"ನೀರು ಎಲ್ಲಾ ಕಡೆ ನಿಂತವಾಗ ಬದ ಎಲ್ಲಿ ಒಡದದೆ ಅಂತ ಯಂಗ್ ಗೊತ್ತಾದದು?" ಎಂದು ಭಾವ ಕೈ ತೊಳೆಯಲು ಎದ್ದರು.

ನಾನು ಮೂರು ದಿನ ಎರಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಅವರಿಗೆ ಒಂದು ಮುದ್ದೆ ಮುಗಿಯುವುದರೊಳಗೆ ಅರ್ಥವಾಗಿತ್ತು. ಓದಿದವನ ಸಮಾಧಾನಕ್ಕೆ ನಾನು ನೋಟ್‌ಬುಕ್ಕನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಅಂದು ಇನ್ನೊಂದು ಮಾತು ಬಂತು. ಒಂದು ವರ್ಷದ ಹಿಂದೆ ಯಾವುದೋ ಆರೋಗ್ಯ ಶಿಬಿರದಲ್ಲಿ ಭಾವನಿಗೆ ಇಸಿಜಿ ತೆಗೆದಿದ್ದರು. ಅದನ್ನು ತಂದು ತೋರಿಸು ಎಂದು ತಂಗಿ ಕೇಳಿದಳು.

"ಅವ್ರೇ ಏನೂ ಇಲ್ಲ ಓಗಪ್ಪ ಅಂದ್ರು ಕಣವ್ವ."

"ಏನೂ ಇಲ್ಲ ಅನ್ನೋದನ್ನ ನಾನೂ ನೋಡ್ತೀನಿ, ತಗೊಂಬಾ."

"ಎಲ್ಲಿಗ್ ಓದದು? ಬೋ ಜ್ವಾಪಾನಾಗಿ ಮಡಗಿವ್ನಿ ಬುಡು."

ಆಕೆ ಆಮೇಲೆ ಫೋನಿನಲ್ಲಿ ಮೂರು ಸಲ ಜ್ಞಾಪಿಸಿದಳು. ಅವರು ಮೂರು ಸಲವೂ ಜೋಪಾನದ ಬಗ್ಗೆ ಭರವಸೆ ಕೊಟ್ಟರು.

ಆ ಬೆಳಿಗ್ಗೆ ನಾನು ತಿ. ನರಸೀಪುರದಲ್ಲಿ ಒಂದು ಪ್ರಗತಿ ಪರಿಶೀಲನಾ ಸಭೆಯಲ್ಲಿದ್ದೆ. ಹಿಂದಿನ ಸಭೆಯಲ್ಲಿ ಪರಿಶೀಲಿಸಿದ್ದ ಪ್ರಗತಿಯನ್ನೇ ಮತ್ತೆ ಪರಿಶೀಲಿಸುತ್ತಿದ್ದರು. ಹೆಂಡತಿಯ ಫೋನು ಬಂತು.

"ಅಣ್ಣ ಬಂದವ್ನೆ. ಎದೆ ನೋವಂತೆ. ಬೇಗ ಬನ್ನಿ."

ಭಾವ ಬಂದಿದ್ದ ರೀತಿಯನ್ನು ದಾಖಲಿಸುವುದು ನನ್ನ ಕರ್ತವ್ಯ. ಬೆಳಿಗ್ಗೆ ಹಾಲು ಕರೆಯುವಾಗ ಎದೆ ಹಿಡಿದುಕೊಂಡಿತ್ತು. ಉಳಿದ ಎರಡು ಹಸುಗಳ ಹಾಲನ್ನೂ ಕರೆದರು. ಡೇರಿಗೆ ಹೋಗಿ ಹಾಲು ಹಾಕಿ, ಅದು ಎಷ್ಟು ಗಟ್ಟಿ ಎಂದು ಡಿಗ್ರಿ ನೋಡಿಸಿ, ಚೀಟಿ ಬರೆಸಿಕೊಂಡರು. ನಾಲ್ಕು ಜನ ಗ್ಯಾಸು ಎಂದದ್ದರಿಂದ ಒಂದು ಗೋಲಿ ಸೋಡಾ ಕುಡಿದರು. ನೋವು ಹೋಗದಿದ್ದಾಗ ಸ್ವತಃ ಮೊಪೆಡ್ ಓಡಿಸಿಕೊಂಡು ಆಸ್ಪತ್ರೆಗೆ ಬಂದು, ಅದನ್ನು ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿ, ಬೀಗ ಹಾಕಿ, ಆಮೇಲೆ ತಂಗಿಯನ್ನು ಹುಡುಕಿದರು.

ನಾನು ಹೋದಾಗ ಮಂಚದ ಮೇಲೆ ಮಲಗಿದ್ದರು. ಬನಿಯನ್ ಬೆವರಿಗೆ ಮೈಗಂಟಿತ್ತು. ಹೆಂಡತಿ ಎದೆಗೆ ಜೆಲ್ಲಿ ಹಚ್ಚಿ ಆರು ರಬ್ಬರ್ ಬಟ್ಟಲುಗಳನ್ನು ಒತ್ತಿ ಕೂರಿಸುತ್ತಿದ್ದಳು.

"ಅಸ ಕರ್ಯೋ ಮಿಷನ್ ಇದ್ದಂಗದಲ್ಲವ್ವ," ಎಂದರು ಭಾವ. ದನಿ ಸಣ್ಣಗಿತ್ತು.

"ಮಾತಾಡ್ಬೇಡ. ಗೆರೆ ಕೆಡುತ್ತೆ."

"ನನ್ ಡಿಗ್ರಿ ಎಷ್ಟ್ ಬತ್ತದೋ ನೋಡು."

ಕಾಗದ ಹೊರಬಂತು. ಮೇಲ್ಗಡೆ ಯಂತ್ರ ಬರೆದ ಸಾಲು ನನಗೆ ಕಾಣಿಸಿತು. ಅಸಹಜವಾಗಿದೆ, ಆದರೆ ಖಚಿತವಲ್ಲ, ವೈದ್ಯರು ನೋಡತಕ್ಕದ್ದು ಎಂಬ ಅರ್ಥದ ಇಂಗ್ಲಿಷು. ನಾವು 'ಎನ್ನಲಾಗಿದೆ' ಎಂದು ಬರೆಯುವುದು ಇದನ್ನೇ. ಹೆಂಡತಿ ಆ ಸಾಲನ್ನು ಹಿಂದಕ್ಕೆ ಮಡಚಿ ಬೆರಳಿನಿಂದ ಚೌಕ ಎಣಿಸಿದಳು. ಗುಬ್ಬುಗಳು ಇದ್ದವು, ಪ್ರತಿ ಗುಬ್ಬಿನ ಹಿಂದೆ ಒಂದು ಗೀಟೂ ಇತ್ತು, ತಾಳ ಸರಿಯಿತ್ತು. ಗೀಟುಗಳು ಮಾತ್ರ ಅಗಲವಾಗಿದ್ದವು, ಒಂದೊಂದೂ ಮೂರು ಸಣ್ಣ ಚೌಕಗಳನ್ನು ಮೀರಿ. ಆಕೆ ನನ್ನ ಕಡೆ ನೋಡಿ, "ಎಡದಂಡೆ" ಎಂದಳು.

ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು, ಗುತ್ತಿಗೆಯವರು, ಒಳ್ಳೆಯವರು. ಹಿಂದಿನ ವಾರ ಅವರು ಎದೆನೋವೆಂದು ಒಬ್ಬರನ್ನು ಮೈಸೂರಿಗೆ ಕಳಿಸಿದ್ದರು. ಆ ರೋಗಿ ದಾರಿಯಲ್ಲೇ ಎರಡು ಸಲ ತೇಗಿ ವಾಸಿಯಾಗಿದ್ದರು. ಮೈಸೂರಿನಿಂದ ಯಾರೋ ಫೋನು ಮಾಡಿ, ತೇಗಿಗೆ ಆಂಬುಲೆನ್ಸ್ ಯಾಕಪ್ಪ ಎಂದು ಕೇಳಿದ್ದರಂತೆ. ಆ ಪ್ರಶ್ನೆ ಅವರ ಕಿವಿಯಲ್ಲಿ ಇನ್ನೂ ಇತ್ತು.

ಅವರು ಕಾಗದ ನೋಡಿ, ಅಗಿಯಲು ಮಾತ್ರೆ ಕೊಡಿಸಿ, ಯೋಚನೆ ಮಾಡಿದರು. "ಎಲ್‌ಬಿಬಿಬಿ ಇದೆ ಸಿಸ್ಟರ್, ಎಡಗಡೆ ಕರೆಂಟ್ ಬ್ಲಾಕು. ಆದ್ರೆ ಇದು ಹೊಸದೋ ಹಳೇದೋ? ಕೆಲವರಿಗೆ ವರ್ಷಗಟ್ಟಲೆ ಇರುತ್ತೆ, ಏನೂ ಆಗಿರಲ್ಲ. ಹೊಸದಾದ್ರೆ ಈಗಲೇ ಕಳಿಸೋಣ. ಹಳೇದಾದ್ರೆ ಅಬ್ಸರ್ವೇಷನ್ನಲ್ಲಿ ಇಟ್ಕೊಳ್ಳೋಣ. ಹಳೇ ಇಸಿಜಿ ಇದೆಯಾ?"

"ಐತೆ ಸಾ," ಭಾವ ಮಲಗಿದಲ್ಲಿಂದಲೇ ಹೆಮ್ಮೆಯಿಂದ ಹೇಳಿದರು. "ಲ್ಯಾಮಿನೇಸನ್ ಮಾಡ್ಸಿ ಮಡಗಿವ್ನಿ."

ನನಗೆ ಡಾಕ್ಟರ ಮಾತು ಬಹಳ ಹಿಡಿಸಿತು. ಒಂದು ಕಾಗದವನ್ನು ಇನ್ನೊಂದು ಕಾಗದದೊಂದಿಗೆ ತಾಳೆ ನೋಡದೆ ಏನನ್ನೂ ನಂಬಬಾರದು ಎಂಬುದು ನನ್ನ ವೃತ್ತಿ ಕಲಿಸಿದ ಏಕೈಕ ಪಾಠ. ಈಗಲೇ ತರುತ್ತೇನೆ ಎಂದೆ.

"ಅಣ್ಣ ಬೆವರ್ತಾ ಅವ್ನೆ ಸಾರ್," ಎಂದಳು ಹೆಂಡತಿ. "ಕಾಗದ ಬರೋ ತನಕ ಕಾಯೋದಾ?"

"ಒಂದು ಗಂಟೆ ಸಿಸ್ಟರ್. ಅಷ್ಟರಲ್ಲಿ ಇನ್ನೊಂದು ಇಸಿಜಿ ತೆಗೀರಿ."

"ಅವ್ರು ಪೇಪ್ರುನೋರು, ಬಿರ್ನೆ ತತ್ತಾರೆ ಸುಮ್ಕಿರವ್ವ," ಎಂದರು ಭಾವ. ಮೂವರು ಗಂಡಸರು ಒಮ್ಮತಕ್ಕೆ ಬಂದೆವು. ಆಕೆ ಫೋನು ತೆಗೆದುಕೊಂಡು ಹೊರಗೆ ಹೋದಳು.

ಹೆಮ್ಮಿಗೆಯಲ್ಲಿ ಅಕ್ಕ, ಅಂದರೆ ಭಾವನ ಹೆಂಡತಿ, ಟ್ರಂಕಿನ ಬೀಗ ತೆಗೆದರು. ನಮ್ಮ ಕಡೆ ಮನುಷ್ಯರಿಗೆ ಇಲ್ಲದ ರಕ್ಷಣೆ ಕಾಗದಕ್ಕಿದೆ. ಪಹಣಿ, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಆಧಾರ್, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಬಿಸಿಯಾಗಿ ಮುಚ್ಚಿಕೊಂಡು ನೀರಿಗೂ ಗೆದ್ದಲಿಗೂ ಅಂಜದೆ ಮಲಗಿದ್ದವು. ಎಮ್ಮೆಯ ಲಸಿಕೆ ಕಾರ್ಡು ಕೂಡ ಇತ್ತು. ಎಮ್ಮೆ ಸತ್ತು ನಾಲ್ಕು ವರ್ಷವಾಗಿತ್ತು, ಕಾರ್ಡು ಗಟ್ಟಿಮುಟ್ಟಾಗಿತ್ತು.

ಎಲ್ಲಕ್ಕಿಂತ ಕೆಳಗೆ ಇಸಿಜಿ ಇತ್ತು. ಕೈಗೆತ್ತಿಕೊಂಡೆ. ಎರಡೂ ಬದಿಯಲ್ಲಿ ಹೊಳೆಯುವ ಪ್ಲಾಸ್ಟಿಕ್ಕು, ನಡುವೆ ಒಂದು ಕಪ್ಪು ಹಲಗೆ. ಒಂದು ಗೆರೆ ಇಲ್ಲ, ಒಂದು ಚೌಕ ಇಲ್ಲ.

ಇಸಿಜಿ ಕಾಗದಕ್ಕೆ ಶಾಯಿ ಇರುವುದಿಲ್ಲ. ಯಂತ್ರದ ಬಿಸಿ ಮುಳ್ಳು ತಾಗಿದಲ್ಲಿ ಕಾಗದ ತಾನೇ ಕಪ್ಪಾಗುತ್ತದೆ, ಅದೇ ಗೆರೆ. ಲ್ಯಾಮಿನೇಷನ್ ಯಂತ್ರ ಬಿಸಿಯ ಎರಡು ಉರುಳೆಗಳ ನಡುವೆ ಕಾಗದವನ್ನು ಪೂರ್ತಿ ತಳ್ಳುತ್ತದೆ. ಭಾವ ತಮ್ಮ ಹೃದಯದ ದಾಖಲೆಯನ್ನು ಶಾಶ್ವತವಾಗಿ ಉಳಿಸಿದ್ದರು, ದಾಖಲೆಯಲ್ಲಿ ಇದ್ದದ್ದನ್ನು ಬಿಟ್ಟು.

"ಅಕ್ಕ, ಇದು ಯಾವಾಗಿಂದ ಹಿಂಗಿದೆ?"

"ಮಾಡ್ಸ್ಕಬಂದ ದಿಸಾನೆ ಅಂಗೇ ಇತ್ತು ಕಣಣ್ಣ. ನಾನೂ ಕೇಳ್ದೆ. ಎದೆ ಪೋಟ ಅಂದ್ರೆ ಅಂಗೇ ಇರ್ತದೆ, ನಿಂಗೇನ್ ಗೊತ್ತು ಅಂದ್ರು."

ಅದನ್ನೇ ಅಂಗಿಯೊಳಗೆ ಸೇರಿಸಿಕೊಂಡು ಹೊರಟೆ. ಡೇರಿಯ ಮುಂದೆ ಕಾರ್ಯದರ್ಶಿ ನಿಂತಿದ್ದರು. "ಏನ್ ಸಾ, ಈ ಕಡೆ? ಗೌಡ್ರು ಎಂಗವ್ರೆ?" ಎಂದು ಕೂಗಿದರು. ನಿಲ್ಲಿಸಿ ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ. ಕೈ ಬೀಸಿ ಮುಂದೆ ಹೋದೆ.

ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಡ್ರೈವರಿಗೆ ನನ್ನ ಹೆಂಡತಿ ಫೋನು ಮಾಡಿ, ಡಾಕ್ಟರು ಹೇಳಿದ್ದಾರೆ ಎಂದಿದ್ದಳಂತೆ. ಡಾಕ್ಟರಿಗೆ, ಆಂಬುಲೆನ್ಸ್ ಹೆಂಗೂ ಬಂದಿದೆ ಸಾರ್ ಎಂದಿದ್ದಳಂತೆ. ಆದರೆ ಮೈಸೂರಿಗೆ ಬರೆಯಬೇಕಾದ ಪತ್ರಕ್ಕೆ ಸಹಿ ಬಿದ್ದಿರಲಿಲ್ಲ. ಸಹಿ ಹಳೆಯ ಕಾಗದಕ್ಕೆ ಕಾಯುತ್ತಿತ್ತು. ಹೆಂಡತಿ ಅಷ್ಟರಲ್ಲಿ ಇನ್ನೂ ಎರಡು ಇಸಿಜಿ ತೆಗೆದಿದ್ದಳು. ಗೀಟುಗಳು ಹಾಗೇ ಅಗಲವಾಗಿದ್ದವು. ಭಾವ ಜೋಕು ನಿಲ್ಲಿಸಿದ್ದರು. ಅದನ್ನು ಯಾವ ಯಂತ್ರವೂ ಬರೆದಿರಲಿಲ್ಲ.

ನಾನು ಕಪ್ಪು ಹಲಗೆಯನ್ನು ಡಾಕ್ಟರ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕದ ಮಂಚದ ಬಳಿ ಕಾಲು ಮುರಿದುಕೊಂಡವರಿಗೆ ಜೊತೆಗೆ ಬಂದಿದ್ದ ಇಬ್ಬರು ಎದ್ದು ಬಂದು ಇಣುಕಿದರು.

"ಅಯ್ಯೋ ಶಿವ್ನೆ, ಎದೆ ಎಲ್ಲಾ ಕರ್ರಗಾಗ್ಬುಟ್ಟದಲ್ಲೋ."

"ಬೀಡಿ ಕಣ್ಲಾ. ಬ್ಯಾಡ ಬ್ಯಾಡ ಅಂದ್ರೆ ಕೇಳಾಕಿಲ್ಲ ನಮ್ ಜನ."

"ಅವ್ನು ಬೀಡಿ ಸೇದಲ್ಲ," ಎಂದಳು ಹೆಂಡತಿ. ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಸಾರ್, ಹಳೇದು ಅಂತ ಹೇಳೋಕೆ ಇದ್ರಲ್ಲಿ ಏನೂ ಇಲ್ಲ. ಹೊಸದು ಅಂತ್ಲೇ ಬರೀರಿ."

ಡಾಕ್ಟರು ಇನ್ನೊಂದು ಸಲ ಆ ಕಪ್ಪನ್ನು ನೋಡಿದರು. ತೇಗಿನ ಫೋನು ಮತ್ತೆ ಬಂದರೆ ತೋರಿಸಲು ಈಗ ಅವರ ಬಳಿ ಒಂದು ಸಾಕ್ಷಿ ಇತ್ತು: ಹಳೆಯ ದಾಖಲೆ ಓದುವಂತಿಲ್ಲ. ಹಾಗೆಂದು ಬರೆದು ಸಹಿ ಹಾಕಿದರು. ಹೆಂಡತಿ ವಾರ್ಡನ್ನು ಜೊತೆಯವಳಿಗೆ ಒಪ್ಪಿಸಿ ಅಣ್ಣನ ಪಕ್ಕ ಆಂಬುಲೆನ್ಸಿನಲ್ಲಿ ಕೂತಳು. ಭಾವ ಮೊಪೆಡ್ಡಿನ ಕೀಲಿಯನ್ನು ನನ್ನ ಕೈಗೆ ಹಾಕಿ, "ಕ್ಯಾನ್ ಬಿಸ್ಲಲ್ಲಿ ಮಡಗ್ಬೇಡಿ ಬಾವ" ಎಂದರು.

ಮೈಸೂರಿನಲ್ಲಿ ನೋಡಿದಾಗ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡಿತ್ತು. ಅದೇ ದಿನ ತೆರೆದು ಸ್ಟೆಂಟ್ ಹಾಕಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಎಷ್ಟು ತಡ ಎಂದು ನಾನು ಕೇಳಲಿಲ್ಲ. ಸಾಮಾನ್ಯವಾಗಿ ಕೇಳುವ ಪ್ರಶ್ನೆ ಅದು. ಹೆಮ್ಮಿಗೆಗೆ ಹೋಗಿ ಬಂದ ಒಂದು ಗಂಟೆ ಆ ಲೆಕ್ಕದಲ್ಲಿ ಸೇರಿರುತ್ತದೆ ಎಂಬುದು ಗೊತ್ತಿದ್ದರಿಂದ ಅಂದು ವೃತ್ತಿಧರ್ಮವನ್ನು ಸ್ವಲ್ಪ ಸಡಿಲಿಸಿದೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಭಾವನನ್ನು ನಂಜನಗೂಡಿನ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಹಸುಗಳ ಹತ್ತಿರ ಬಿಟ್ಟರೆ ಮರುದಿನವೇ ಹಾಲು ಕರೆಯಲು ಕೂರುತ್ತಾರೆ ಎಂದು ತಂಗಿಗೆ ಗೊತ್ತಿತ್ತು. ಎರಡು ವಾರ ಕಳೆದಿತ್ತು. ಹೆಮ್ಮಿಗೆಯಿಂದ ಡೇರಿಯ ಕಾರ್ಯದರ್ಶಿ ನಾಲ್ಕು ಎಳನೀರು ಹಿಡಿದುಕೊಂಡು ನೋಡಲು ಬಂದರು. ಕ್ಷೇಮ ವಿಚಾರಿಸಿ, ಹಸುಗಳ ವರದಿ ಕೊಟ್ಟು, ಹೊರಡುವಾಗ ಜೇಬಿನಿಂದ ಒಂದು ಮಡಚಿದ ಕಾಗದ ತೆಗೆದು ಹಜಾರದಲ್ಲಿದ್ದ ನನ್ನ ಹೆಂಡತಿಗೆ ಕೊಟ್ಟರು.

"ಓದ್ ವರ್ಸ ಗೌಡ್ರು ಡೇರಿಗೆ ಅದೇನೋ ಅರ್ಜಿ ಆಕಿದ್ರು ಕಣವ್ವ. ನಾವು ಕೇಳಿದ್ದು ಎಲ್ಡು ಕಾಗ್ದ. ಇರ್ಲಿ ಅಂತ ಒಂಬತ್ತು ಲಗತ್ತು ಮಾಡವ್ರೆ. ಇವರ ಎದೆದೂ ಒಂದು ಜೆರಾಕ್ಸು ಅದ್ರಲ್ಲದೆ. ಮೊನ್ನೆ ಫೈಲ್ ತೆಗ್ದಾಗ ಸಿಕ್ತು, ನಿಮ್ಗೆ ಬೇಕಾದದೇನೋ ಅಂತ ತಂದಿ."

ಲ್ಯಾಮಿನೇಷನ್ನಿಗೆ ಕೊಡುವ ಮುಂಚೆ ಅದೇ ಅಂಗಡಿಯಲ್ಲಿ ಜೆರಾಕ್ಸ್ ತೆಗೆಸಿದ್ದರು. ಪ್ರತಿ ಬಹಳ ಚೆನ್ನಾಗಿ ಬಂದಿತ್ತು. ಕೆಳಗೆ ಯಾವುದೋ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ಈ ಪ್ರತಿ ಮೂಲಕ್ಕೆ ಸರಿಯಾಗಿದೆ ಎಂದು ದೃಢೀಕರಿಸಿ, ನೀಲಿ ಮೊಹರು ಒತ್ತಿ, ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದರು. ಭಾವನ ಹೃದಯ ಬಡಿಯುವ ರೀತಿಗೆ ಶಿಕ್ಷಣ ಇಲಾಖೆಯ ಒಪ್ಪಿಗೆ ಇತ್ತು. ನಾನು ಕೈ ಬೀಸಿ ಮುಂದೆ ಹೋದ ಆ ದಿನ ಈ ಕಾಗದ ಡೇರಿಯ ಬೀರುವಿನಲ್ಲಿ, ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ಕಾರ್ಯದರ್ಶಿ ಹೋದ ಮೇಲೆ ಹೆಂಡತಿ ಅದನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಒಯ್ದು ಚೌಕ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹೇಳದೇ ಇದ್ದರೂ ನನಗೂ ಕಾಣಿಸುತ್ತಿತ್ತು. ಅದೇ ಅಗಲದ ಗೀಟುಗಳು. ಒಂದು ವರ್ಷದ ಹಿಂದೆಯೇ ಎಡದಂಡೆ ಮುಚ್ಚಿತ್ತು. ಅದು ಹೊಸದಲ್ಲ. ಶಿಬಿರದವರು ಏನೂ ಇಲ್ಲ ಎಂದು ಕಳಿಸಿದ್ದು ಇದನ್ನು ನೋಡಿಯೇ. ರಕ್ತನಾಳ ಮುಚ್ಚಿದ್ದು ಮಾತ್ರ ಆ ಬೆಳಿಗ್ಗೆ, ಹಳೆ ಹೂಳಿನ ಮರೆಯಲ್ಲಿ.

ಲ್ಯಾಮಿನೇಷನ್ ಅಂಗಡಿಯವನು ಕಾಗದವನ್ನು ಸುಟ್ಟಿರದಿದ್ದರೆ, ಅಥವಾ ನಾನು ಡೇರಿಯ ಮುಂದೆ ಬೈಕು ನಿಲ್ಲಿಸಿ ಇನ್ನೂ ಉತ್ತಮ ವರದಿಗಾರನಾಗಿದ್ದರೆ, ಡಾಕ್ಟರ ಕೈಗೆ ಸ್ಪಷ್ಟವಾದ, ದೃಢೀಕರಿಸಿದ ಸಾಕ್ಷಿ ಸಿಗುತ್ತಿತ್ತು.

"ಇದು ಅವತ್ತು ಸಿಕ್ಕಿದ್ದಿದ್ರೆ?" ಎಂದೆ.

"ಡಾಕ್ಟರು ಹಳೇದು ಅಂತಿದ್ರು. ಅಬ್ಸರ್ವೇಷನ್ನಲ್ಲಿ ಇಟ್ಕೊತಿದ್ರು."

"ನೀನು?"

ಆಕೆ ಕಾಗದವನ್ನು ಮತ್ತೆ ಬೆಳಕಿಗೆ ಹಿಡಿದಳು.

"ಜಗಳ ಮಾಡಿ ಕಳಿಸ್ತಿದ್ದೆ ಅಂತ ಈಗ ಹೇಳ್ಬೋದು. ಆದ್ರೆ ಹಳೇದು ಅಂತ ಕಂಡಿದ್ರೆ ನಾನೂ ಒಂದು ಉಸಿರು ಬಿಟ್ಟಿರ್ತಿದ್ದೆ ಕಣ್ರೀ. ಆ ಉಸಿರು ಎಷ್ಟು ಹೊತ್ತಿಂದಾಗ್ತಿತ್ತೋ, ನನಗೆ ಗೊತ್ತಿಲ್ಲ."

ಒಳಕೋಣೆಯಿಂದ ಭಾವ ಕೂಗಿದರು. "ಏನವ್ವ ಅದು, ಇಬ್ರೂ ಪಿಸಪಿಸ ಅಂತೀರಿ? ನಂದೇನಾ ಕಾಗ್ದ? ಏನ್ ಬರ್ದದೆ ಅದ್ರಲ್ಲಿ?"

ಆಕೆ ಕಾಗದವನ್ನು ಮಡಚಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನಿಲ್ಲ ಅಣ್ಣ. ಹಳೇದು."

"ಅಳೇದಾ? ಅಂಗಾರೆ ಚಿಂತಿಲ್ಲ ಬುಡು," ಎಂದರು ಭಾವ.